ಬಾಗಿದ ಬೆಳಕಿನ ರಸಿಕರಿಗೆ

ಮೊದಲು ಹಂಪಿಗೆ ಹೋಗಿ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ನಿಂತು ಬನ್ನಿ, ನಮ್ಮ ಕಂಪ್ಲಿಯಿಂದ ದೂರವೇನಲ್ಲ. ಸಣ್ಣ ಕಂಡಿಯಿಂದ ನುಗ್ಗಿದ ಬೆಳಕು ಎದುರು ಗೋಡೆಯ ಮೇಲೆ ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ಬಿಡಿಸಿರುತ್ತದೆ. ಪವಾಡವೇನಿಲ್ಲ, ಬೆಳಕು ನೇರ ನಡೆಯುತ್ತದೆ, ಅಷ್ಟೆ. ಕಳಶದಿಂದ ಹೊರಟಿದ್ದು ಕಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟಿದ್ದು ಮೇಲೆ. ಈ ನೇರ ನಡೆ ಕಣ್ಣಿಗೆ ರೂಢಿಯಾದವರಿಗೇ ಅದು ಬಾಗಿದಾಗಿನ ಸೊಗಸು ಹತ್ತುವುದು. ತಾಳ ಗೊತ್ತಿಲ್ಲದವನಿಗೆ ತಿಹಾಯಿ ಬಂದು ಸಮ್‌ಗೆ ಕೂಡಿದ ಸುಖ ಎಲ್ಲಿಂದ?

ಸೂರ್ಯನ ಅಂಚು ಸವರಿಕೊಂಡು ಬರುವ ನಕ್ಷತ್ರದ ಬೆಳಕು ಬಾಗುವುದು 1.75 ಆರ್ಕ್‌ಸೆಕೆಂಡ್. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತು, ಸುಮಾರು 2.5 ಕಿಲೋಮೀಟರ್ ಆಚೆ ಇಟ್ಟ ರೂಪಾಯಿ ನಾಣ್ಯದ ಅಗಲ ಅಳೆದಂತೆ. ನ್ಯೂಟನ್ ಲೆಕ್ಕ ಹಿಡಿದರೆ ಇದರ ಅರ್ಧ ಮಾತ್ರ. ದೇಶಕಾಲವೇ ಬಾಗಿದೆ ಎಂದ ಐನ್‌ಸ್ಟೈನ್ ಲೆಕ್ಕದಲ್ಲಿ ಪೂರ್ತಿ ಬರುತ್ತದೆ. 1919ರ ಮೇ 29ರ ಖಗ್ರಾಸ ಗ್ರಹಣದಲ್ಲಿ ಪ್ರಿನ್ಸಿಪೆ ದ್ವೀಪದಿಂದ ಖಗೋಳವಿಜ್ಞಾನಿ ಎಡಿಂಗ್ಟನ್, ಬ್ರೆಜಿಲಿನ ಸೊಬ್ರಾಲ್‌ನಿಂದ ಇನ್ನೊಂದು ತಂಡ ತೆಗೆದ ಚಿತ್ರಗಳು ಐನ್‌ಸ್ಟೈನ್ ಪರ ನಿಂತವು. ಆ ದಿನ ಸೂರ್ಯನ ಹಿಂದಿದ್ದದ್ದು ರೋಹಿಣಿಯ ಪಕ್ಕದ ನಕ್ಷತ್ರಗುಚ್ಛ. ಚಳಿಗಾಲದ ರಾತ್ರಿ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತರೆ ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಸೀಮೆಗೂ ಖಗ್ರಾಸ ಬಂದಿತ್ತು, 1980ರ ಫೆಬ್ರವರಿ 16ರಂದು, ಅಂಕೋಲಾದಿಂದ ರಾಯಚೂರಿನತ್ತ. ವಿಜ್ಞಾನಿಗಳು ಸಿಂಧನೂರು ಕಡೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಮನೆಯ ಹಿರಿಯರನ್ನು ಕೇಳಿ ನೋಡಿ, ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆವು ಎನ್ನುವವರೇ ಹೆಚ್ಚು ಸಿಕ್ಕಾರು.

ಸೂರ್ಯ ಪಾಠಕ್ಕೆ ಸಾಕು, ರಸಕ್ಕೆ ಸಾಲದು. ರಸ ಇರುವುದು ಗೆಲಾಕ್ಸಿಗಳ ಹಿಂಡು ದೂರದ ಬೆಳಕನ್ನು ಬಗ್ಗಿಸುವಲ್ಲಿ. ಐಸ್‌ಕ್ರೀಂ ಅಂಗಡಿಯ ಕಾಲಿರುವ ಗಾಜಿನ ಬಟ್ಟಲು ನೋಡಿದ್ದೀರಲ್ಲ? ಬಟ್ಟಲು ಒಡೆದು ಪಾದ ಮಾತ್ರ ಉಳಿದಿದ್ದರೆ ಎಸೆಯಬೇಡಿ. ಕಾಗದದ ಮೇಲೆ ಚುಕ್ಕಿ ಇಟ್ಟು ಪಾದದ ಮೂಲಕ ನೋಡಿ. ನಟ್ಟನಡುವೆ ಬಂದರೆ ಚುಕ್ಕಿ ಉಂಗುರ. ತುಸು ಸರಿಸಿದರೆ ಎರಡು ಕಮಾನು. ಭೂತಗನ್ನಡಿಯಲ್ಲಿ ಅಂಚಿನ ಕಡೆ ಬೆಳಕು ಹೆಚ್ಚು ಬಾಗಿ ಎಲ್ಲ ಒಂದು ಬಿಂದುವಿಗೆ ಸೇರುತ್ತದೆ. ಗುರುತ್ವದಲ್ಲಿ ಉಲ್ಟಾ: ನಡುವಿಗೆ ಹತ್ತಿರ ಬಂದಷ್ಟೂ ಬಾಗು ಹೆಚ್ಚು. ಅದಕ್ಕೇ ಬಿಂದು ಸಿಗುವುದಿಲ್ಲ, ಕಮಾನು ಸಿಗುತ್ತದೆ. ಗಾಜು ಬಣ್ಣಗಳನ್ನು ಒಡೆಯುತ್ತದೆ, ಗುರುತ್ವ ಎಲ್ಲ ಬಣ್ಣವನ್ನೂ ಒಂದೇ ಸಮ ಬಗ್ಗಿಸುತ್ತದೆ. 1979ರಲ್ಲಿ ಅಕ್ಕಪಕ್ಕ ಕಂಡ, ಬಹುದೂರದ ಉಜ್ವಲ ಕಾಯಗಳಾದ ಎರಡು ಕ್ವೇಸಾರ್‌ಗಳು ನಿಜಕ್ಕೂ ಒಂದೇ ಎಂದು ಗೊತ್ತಾದದ್ದು ಅವುಗಳ ರೋಹಿತ ಅಚ್ಚೊತ್ತಿದಂತೆ ಒಂದೇ ಇದ್ದದ್ದರಿಂದ.

ಏಬೆಲ್ 370 ಹಿಂಡಿನ ಹಬಲ್ ಚಿತ್ರವನ್ನು ಫೋನಿನಲ್ಲೇ ತೆರೆಯಿರಿ. ನಡುವಿನ ಹಳದಿ ಗೆಲಾಕ್ಸಿಗಳು ಚೆಲುವಾಗಿವೆ ನಿಜ, ಮೊದಲ ನೋಟಕ್ಕೆ ಅವನ್ನು ಬಿಡಿ. ಸುತ್ತಲಿನ ಸಪೂರ ಗೀರುಗಳನ್ನು ಹಿಂಬಾಲಿಸಿ. ಅವುಗಳ ಬಾಗಿಗೆ ಕಾಣುವ ಗೆಲಾಕ್ಸಿಗಳ ತೂಕ ಸಾಲುವುದಿಲ್ಲ. ಮಿಕ್ಕದ್ದು ಕಾಣದ ದ್ರವ್ಯದ್ದು. ನೀವು ಓದಬೇಕಾದದ್ದು ಆ ಕಾಣದ್ದನ್ನು.

ಇದರಲ್ಲಿ ಕಾಲದ ಆಟವೂ ಇದೆ, ನನಗೆ ಅತಿ ಇಷ್ಟವಾದದ್ದು ಅದೇ. ಎಂದೋ ಸಿಡಿದ ಒಂದೇ ನಕ್ಷತ್ರ 2014ರ ನವೆಂಬರಿನಲ್ಲಿ ನಾಲ್ಕು ಕಡೆ ಕಾಣಿಸಿತು. ಇನ್ನೊಂದು ದಾರಿ ಹಿಡಿದ ಬೆಳಕು ತಡವಾಗಿ ಬರುತ್ತದೆಂದು ಲೆಕ್ಕ ಹಾಕಿ ಕಾದರು. 2015ರ ಡಿಸೆಂಬರ್ 11ರಂದು ಹೇಳಿದ ಜಾಗದಲ್ಲೇ ಅದರ ಸಿಡಿತ ಮತ್ತೆ ಕಾಣಿಸಿತು, ದೊಡ್ಡಾಟದ ಪಾತ್ರಧಾರಿ ಇನ್ನೊಂದು ಬಾಗಿಲಿನಿಂದ ರಂಗಕ್ಕೆ ಬಂದ ಹಾಗೆ. ದಾರಿಗಳು ಹೀಗೆ ಹಲವಾಗುವ ಲೆಕ್ಕಕ್ಕೆ ಬೇಕಾದದ್ದು ಬೆಳಕಿನ ದಾರಿಯನ್ನು ಪಯಣದ ಹೊತ್ತಿನಿಂದ ಗುರುತಿಸುವ ಫರ್ಮಾ ನಿಯಮ. ಅದನ್ನು ಬಾಗಿದ ದೇಶಕಾಲಕ್ಕೆ ಹೊಂದಿಸಿ 1992ರಲ್ಲಿ ಬರೆದವರಲ್ಲಿ ಆಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ರಾಜಾರಾಂ ನಿತ್ಯಾನಂದ ಮತ್ತು ಜೋಸೆಫ್ ಸ್ಯಾಮ್ಯುಯಲ್ ಇದ್ದಾರೆ.

ಕೊನೆಗೊಂದು ಉಂಗುರ. ಎನ್‌ಜಿಸಿ 6505 ಎಂಬ ಗೆಲಾಕ್ಸಿ 1884ರಿಂದಲೂ ಗೊತ್ತಿತ್ತು. ಅದರ ನಡುವನ್ನು ಬಳಸಿದ ಉಂಗುರ ಗೊತ್ತಾದದ್ದು ಯೂಕ್ಲಿಡ್ ದೂರದರ್ಶಕದಿಂದ, ಸುದ್ದಿ ಹೊರಬಿದ್ದದ್ದು 2025ರ ಫೆಬ್ರವರಿಯಲ್ಲಿ. ಜೂನ್ ಕೊನೆಯ ನಡುರಾತ್ರಿ ಹೊಳೆದಂಡೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಧ್ರುವನಕ್ಷತ್ರಕ್ಕಿಂತ ಸಾಕಷ್ಟು ಮೇಲೆ, ಬರಿಗಣ್ಣಿಗೆ ಏನೂ ಕಾಣದ ಕಡೆ ಅದಿರುತ್ತದೆ. ಮೋಡ ಇರದಿದ್ದರೆ.