ತಪ್ಪೊಪ್ಪಿಗೆಯನ್ನು ಬರೆದವರು ಯಾರು?

ಡೊಂಬಿವಲಿ, ಕಲ್ಯಾಣದಿಂದ ದಿನವೂ ಲೋಕಲ್ ಹಿಡಿಯುವ ನಮಗೆ ಮುಂಬ್ರಾ ಎಂದರೆ ದಾರಿಯಲ್ಲಿ ಬರುವ ಒಂದು ಸ್ಟೇಷನ್. 1992–93ರ ಗಲಭೆಗಳ ನಂತರ ಮುಂಬೈ ಬಿಟ್ಟು ಬಂದ ಮುಸ್ಲಿಂ ಕುಟುಂಬಗಳಿಂದ ತುಂಬಿಕೊಂಡ ಈ ಊರು ದೇಶದ ಸುದ್ದಿಯಾದದ್ದು 2004ರಲ್ಲಿ. ಇಲ್ಲಿನ 19 ವರ್ಷದ ಕಾಲೇಜು ವಿದ್ಯಾರ್ಥಿನಿ ಇಶ್ರತ್ ಜಹಾನ್ ಮತ್ತು ಇತರ ಮೂವರನ್ನು ಜೂನ್ 15ರಂದು ಅಹಮದಾಬಾದಿನ ಹೊರವಲಯದಲ್ಲಿ ಗುಜರಾತ್ ಪೊಲೀಸರು ಕೊಂದರು. ಸತ್ತವರು ಭಯೋತ್ಪಾದಕರು ಎಂದರು. ಆ ಎನ್‌ಕೌಂಟರ್ ನಕಲಿ ಎಂದು 2013ರಲ್ಲಿ ಸಿಬಿಐ ಆರೋಪಪಟ್ಟಿ ಹೇಳಿತು. 2021ರ ಮಾರ್ಚ್‌ನಲ್ಲಿ ಉಳಿದ ಅಧಿಕಾರಿಗಳನ್ನೂ ವಿಶೇಷ ನ್ಯಾಯಾಲಯ ಆರೋಪಮುಕ್ತಗೊಳಿಸಿತು. ಆಕೆಯ ಮೇಲಿನ ಆರೋಪವನ್ನು ಮಾತ್ರ ಯಾವ ವಿಚಾರಣೆಯೂ ಒರೆಗೆ ಹಚ್ಚಲಿಲ್ಲ. ಪೊಲೀಸರು ಬರೆದ ಕಥೆ ಹಾಗೆಯೇ ಉಳಿಯಿತು.

ಬದುಕುಳಿದು ನ್ಯಾಯಾಲಯದವರೆಗೆ ಬಂದವರ ವಿಷಯದಲ್ಲಿ ಆ ಕಥೆಯ ಗತಿ ಏನಾಗುತ್ತದೆ? ಇದನ್ನು ತಿಳಿಯಲು ಅಬ್ದುಲ್ ವಾಹಿದ್ ಶೇಖ್ ಅವರ 'ಬೇಗುನಾಹ್ ಕೈದಿ' ಓದಬೇಕು. 2006ರ ಜುಲೈ 11ರ ಮುಂಬೈ ಲೋಕಲ್ ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಆ ಪ್ರಕರಣದ 13 ಆರೋಪಿಗಳಲ್ಲಿ ಶಾಲಾ ಶಿಕ್ಷಕರಾಗಿದ್ದ ವಾಹಿದ್ ಒಬ್ಬರು. ಒಂಬತ್ತು ವರ್ಷ ಜೈಲಿನಲ್ಲಿದ್ದು 2015ರಲ್ಲಿ ಖುಲಾಸೆಯಾದ ಏಕೈಕ ಆರೋಪಿ ಅವರು. ಉಳಿದ 12 ಜನರಲ್ಲಿ ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು.

ಸೆರೆಮನೆಯ ಆತ್ಮಕಥೆಯನ್ನು ನಿರೀಕ್ಷಿಸಿ ಈ ಪುಸ್ತಕ ಹಿಡಿದವರಿಗೆ ನಿರಾಸೆಯಾದೀತು. ಇದರಲ್ಲಿ ಲೇಖಕರ ಅಂತರಂಗಕ್ಕಿಂತ ಪ್ರಕರಣದ ವಿವರಗಳೇ ಹೆಚ್ಚು. ತಪ್ಪೊಪ್ಪಿಗೆಯನ್ನು ಹೇಗೆ ಬರೆಸಿಕೊಳ್ಳುತ್ತಾರೆ, ಸಹಿ ಹೇಗೆ ಹಾಕಿಸುತ್ತಾರೆ ಎಂಬುದರ ದಾಖಲೆ ಅದು. ಗದ್ಯ ಒರಟು, ಪುನರುಕ್ತಿ ಬೇಸರ ತರಿಸುವಷ್ಟಿದೆ. ಆದರೆ ಹಿಂಸೆಯೂ ಸಹಿಯೂ ಪದೇ ಪದೇ ಅದೇ ರೀತಿ ಬಂದಾಗ, ನಡೆದದ್ದು ಒಬ್ಬಿಬ್ಬರು ಕೆಟ್ಟ ಅಧಿಕಾರಿಗಳ ಕೆಲಸವಲ್ಲ, ಒಂದು ಪದ್ಧತಿ ಎನ್ನುವುದು ಮನಸ್ಸಿಗೆ ಇಳಿಯುತ್ತದೆ.

2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ 12 ಮಂದಿಯನ್ನೂ ಖುಲಾಸೆಗೊಳಿಸಿತು. ಅವರಲ್ಲಿ ಒಬ್ಬರು 2021ರಲ್ಲೇ ಜೈಲಿನಲ್ಲಿ ಕೋವಿಡ್‌ನಿಂದ ತೀರಿಹೋಗಿದ್ದರು. ತಪ್ಪೊಪ್ಪಿಗೆಗಳು ಸ್ವಇಚ್ಛೆಯವಲ್ಲ, ಬೇರೆ ಬೇರೆ ಆರೋಪಿಗಳ ಹೇಳಿಕೆಗಳ ಕೆಲವು ಭಾಗಗಳು ಒಂದರ ನಕಲಿನಂತೆ ಇನ್ನೊಂದಿವೆ ಎಂದು ಹೈಕೋರ್ಟ್ ಗುರುತಿಸಿತು. ಸಾಹಿತ್ಯದ ವಿದ್ಯಾರ್ಥಿ ಮಾಡುವ ಕೆಲಸವೇ ಇದು. ಹಲವರ ಬಾಯಲ್ಲಿ ಒಂದೇ ವಾಕ್ಯ ಬಂದರೆ ಆ ವಾಕ್ಯದ ಕರ್ತೃ ಬೇರೆ ಯಾರೋ ಇರಬೇಕು. ಇಷ್ಟನ್ನು ಓದಿ ಹೇಳಲು 19 ವರ್ಷ ಬೇಕಾಯಿತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟ್ ಈ ತೀರ್ಪನ್ನು ಮುಂದಿನ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ ಎಂದು ತಡೆ ನೀಡಿತು. ಬಿಡುಗಡೆಯಾದವರನ್ನು ಮರಳಿ ಜೈಲಿಗೆ ಕಳಿಸಲಿಲ್ಲ.

ಇಷ್ಟು ತಡವಾಗಲು ಕಾನೂನೇ ಒಂದು ಕಾರಣ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. ಬ್ರಿಟಿಷರು ತಮ್ಮದೇ ಪೊಲೀಸರ ಮೇಲೆ ಇಟ್ಟ ಈ ಅನುಮಾನವನ್ನು ಸ್ವತಂತ್ರ ಭಾರತದ ಟಾಡಾ 15ನೇ ಕಲಮಿನಲ್ಲಿ ಕೈಬಿಟ್ಟಿತು. ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಸಾಕು, ಅದು ಸಾಕ್ಷ್ಯ. ಇದನ್ನು 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮಹಾರಾಷ್ಟ್ರದ 1999ರ ಮಕೋಕಾ ಅದೇ ಹಾದಿ ಹಿಡಿಯಿತು. ವಾಹಿದ್ ಮತ್ತು ಉಳಿದವರ ವಿಚಾರಣೆ ನಡೆದದ್ದು ಅದರಡಿಯಲ್ಲಿ.

ಇದು ಮುಂಬೈಗಷ್ಟೇ ಸೇರಿದ ಕಥೆಯಲ್ಲ. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ನಿಸಾರುದ್ದೀನ್ ಅಹ್ಮದ್ ಅವರನ್ನು 1994ರ ಜನವರಿಯಲ್ಲಿ ಪೊಲೀಸರು ಹಿಡಿದೊಯ್ದರು. ಮುಂಬೈಯಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದ, ನಮ್ಮ ನಿಮ್ಮಂತೆ ಕೆಲಸಕ್ಕೆಂದು ಊರು ಬಿಟ್ಟ ಅವರ ಅಣ್ಣನನ್ನೂ ಕೆಲವೇ ತಿಂಗಳಲ್ಲಿ ಬಂಧಿಸಲಾಯಿತು. 1993ರ ಡಿಸೆಂಬರಿನ ರೈಲು ಸ್ಫೋಟಗಳ ಆರೋಪಕ್ಕೆ ಆಧಾರವಾದದ್ದು ಪೊಲೀಸ್ ವಶದಲ್ಲಿ ದಾಖಲಾದ ತಪ್ಪೊಪ್ಪಿಗೆ. ಟಾಡಾ 1995ರಲ್ಲಿ ಕೊನೆಗೊಂಡಿತು. ಅದರಡಿ ಶಿಕ್ಷೆಯಾದ ನಿಸಾರ್ ಸುಪ್ರೀಂ ಕೋರ್ಟಿನಿಂದ ಖುಲಾಸೆಯಾಗಿ ಹೊರಬಂದದ್ದು 2016ರ ಮೇ ತಿಂಗಳಲ್ಲಿ.

ಇಂದಿನ ಯುಎಪಿಎಯಲ್ಲಿ ತಪ್ಪೊಪ್ಪಿಗೆಯ ಕಲಂ ಇಲ್ಲ, ಅದು ಬೇಕಾಗಿಯೂ ಇಲ್ಲ. 2008ರ ತಿದ್ದುಪಡಿಯ 43ಡಿ(5) ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಇಲ್ಲ. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬಾರದು ಎಂದು 2019ರ ವಟಾಲಿ ತೀರ್ಪು ಹೇಳಿತು. ಅಂದರೆ ನ್ಯಾಯಾಧೀಶರು ಕಥೆಯನ್ನು ಓದಬಹುದು, ವಿಮರ್ಶಿಸುವಂತಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದೆಂದು 2021ರ ನಜೀಬ್ ತೀರ್ಪು ಒಂದು ಕಿಂಡಿ ತೆರೆದಿದೆ. ಆದರೆ ಆ ಕಿಂಡಿ ತಲುಪಲು ಮೊದಲು ಆ ವರ್ಷಗಳನ್ನು ಒಳಗೇ ಕಳೆಯಬೇಕು.

ಇಲ್ಲಿ ಕನ್ನಡದ ಓದುಗರಿಗೆ ಒಂದು ಕಠಿಣ ಪ್ರಶ್ನೆಯಿದೆ. ಕರ್ನಾಟಕದ 'ಕೋಕಾ' ಕಾಯ್ದೆ ಮಕೋಕಾದ ತಮ್ಮನೇ; ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಅದೂ ಒಪ್ಪುತ್ತದೆ. ಗೌರಿ ಲಂಕೇಶ್ ಹತ್ಯೆಯ ಆರೋಪಿಗಳ ಮೇಲೆ ಅದನ್ನು ಹೇರಿದಾಗ, ಒಬ್ಬ ಆರೋಪಿಯ ಮೇಲೆ ರದ್ದಾಗಿದ್ದ ಆ ಕಲಂಗಳನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿದಾಗ, ನ್ಯಾಯ ಬಯಸಿದ ಹಲವರಿಗೆ ನೆಮ್ಮದಿಯಾಯಿತು. ಆ ನೆಮ್ಮದಿ ಅರ್ಥವಾಗುತ್ತದೆ. ಆದರೆ ನಮಗೆ ಬೇಡದವರ ಮೇಲೆ ಬಿದ್ದಾಗ ಸರಿಯೆನಿಸಿದ ಕಲಂ, ಕಲಬುರಗಿಯ ಹುಡುಗನ ಮೇಲೆ ಬಿದ್ದಾಗ ತಪ್ಪಾಗಲು ಹೇಗೆ ಸಾಧ್ಯ? ಗೌರಿಯ ಕೊಲೆಗೆ ಶಿಕ್ಷೆಯಾಗಬೇಕು. ಅದು ಒರೆಗೆ ನಿಲ್ಲುವ ಸಾಕ್ಷ್ಯದಿಂದಲೇ ಆಗಬೇಕು.

ಕಠಿಣ ಕಾನೂನಿಲ್ಲದೆ ಭಯೋತ್ಪಾದನೆ ತಡೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಜುಲೈ 11ರ ಸಂಜೆ ಲೋಕಲ್‌ನಲ್ಲಿದ್ದವರ ಮನೆಯವರನ್ನು ನೆನೆದರೆ ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ 19 ವರ್ಷದ ನಂತರ ಅವರ ಕೈಯಲ್ಲಿ ಉಳಿದದ್ದೇನು? ತಪ್ಪೊಪ್ಪಿಗೆಯ ಅಡ್ಡದಾರಿ ಆರೋಪಿಗಳ ಬದುಕಿನ ಜೊತೆ ಸತ್ತವರ ಮನೆಯವರಿಗೆ ಸಲ್ಲಬೇಕಾದ ಸತ್ಯವನ್ನೂ ನುಂಗಿತು. ಇನ್ನು ಮುಂದೆ ಪತ್ರಿಕೆಯಲ್ಲಿ 'ಆರೋಪಿ ತಪ್ಪು ಒಪ್ಪಿಕೊಂಡಿದ್ದಾನೆ' ಎಂಬ ಸಾಲು ಕಂಡಾಗ ಓದುಗರಾಗಿ ನಾವು ಕೇಳಬೇಕಾದದ್ದು ಇಷ್ಟೇ: ಯಾರ ಮುಂದೆ, ಎಲ್ಲಿ, ಎಷ್ಟು ದಿನ ಒಳಗಿದ್ದ ಮೇಲೆ?