ಮೂರು ದಿನದ ಲೆಕ್ಕ

ಮೂಗು ಸೋರುತ್ತ ಅಡುಗೆಮನೆಗೆ ಹೋದರೆ ನಮ್ಮ ಅಜ್ಜಿ ಮೊದಲು ಕೇಳುತ್ತಿದ್ದುದು, "ಎಷ್ಟು ದಿನವಾಯ್ತೋ?" ನಿನ್ನೆಯಿಂದ ಅಂದರೆ ಬಿಸಿನೀರು. ಎರಡು ದಿನ ಅಂದರೆ ಕಷಾಯ. ಮೂರು ದಿನ ಕಳೆದೂ ಮೈ ಬಿಸಿಯಿದ್ದರೆ ಅಪ್ಪನನ್ನು ಕರೆದು, "ನಾಳೆ ಇವನನ್ನ ಪೇಟೆಗೆ ಕರಕೊಂಡು ಹೋಗು" ಎನ್ನುತ್ತಿದ್ದಳು. ಬೆರಳು ಮಡಚಿ ಎಣಿಸುವುದು ಅವಳ ಅಭ್ಯಾಸ.

ಮನೆಮದ್ದಿನ ಪುಸ್ತಕಗಳನ್ನು, ಟಿ.ವಿ.ಯ ಬೆಳಗಿನ ಕಾರ್ಯಕ್ರಮಗಳನ್ನು, ವಾಟ್ಸ್‌ಆ್ಯಪಿನಲ್ಲಿ ಹರಿದು ಬರುವ ಸಲಹೆಗಳನ್ನು ಈಚೆಗೆ ಒಂದಷ್ಟು ಗಮನಿಸಿ ನೋಡಿದೆ. ಯಾವ ಬೇರು, ಎಷ್ಟು ಚಮಚ, ಬರಿಹೊಟ್ಟೆಗೋ ಮಲಗುವಾಗಲೋ, ಎಲ್ಲ ಇದೆ. ಅಜ್ಜಿಯ ಪ್ರಶ್ನೆ ಮಾತ್ರ ಎಲ್ಲೂ ಸಿಗಲಿಲ್ಲ. ಎಂದು ನಿಲ್ಲಿಸಬೇಕು, ಎಂದು ಕೈಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು ಎಂಬುದೇ ಮನೆಮದ್ದಿನ ಅರ್ಧ ವಿದ್ಯೆ. ಆ ಅರ್ಧ ಕಳಚಿಬಿದ್ದು, ಉಳಿದರ್ಧ ಡಬ್ಬಿಯಲ್ಲಿ ಮಾರಾಟವಾಗುತ್ತಿದೆ.

ಕಷಾಯವನ್ನೇ ನೋಡಿ. ಕೊತ್ತಂಬರಿ ಬೀಜ ಒಂದು ಹಿಡಿ, ಜೀರಿಗೆ ಅದರರ್ಧ, ಏಳೆಂಟು ಕಾಳುಮೆಣಸು. ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಹೆಬ್ಬೆರಳುದ್ದ ಶುಂಠಿಯ ಜೊತೆ ಕುಟ್ಟಾಣಿಯಲ್ಲಿ ಜಜ್ಜಿ, ನಾಲ್ಕು ಲೋಟ ನೀರಿಗೆ ಹಾಕಿದರೆ ಅದು ಕುದಿದು ಕುದಿದು ಒಂದು ಲೋಟಕ್ಕೆ ಇಳಿಯಬೇಕು. ಕೊನೆಗೊಂದು ಚೂರು ಬೆಲ್ಲ. ಅರ್ಧ ಗಂಟೆಗೆ ಕಡಿಮೆಯ ಕೆಲಸವಲ್ಲ. ಅಷ್ಟು ಹೊತ್ತೂ ರೋಗಿ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿರುತ್ತಾನೆ, ಮೂಗಿಗೆ ಹಬೆ ತಾಗುತ್ತಿರುತ್ತದೆ, ಯಾರೋ ನನಗಾಗಿ ಕುಟ್ಟುತ್ತಿದ್ದಾರೆ ಎಂಬುದು ಕಿವಿಗೆ ಕೇಳುತ್ತಿರುತ್ತದೆ. ಇದರಿಂದ ನೆಗಡಿಯ ವೈರಾಣು ಸಾಯುತ್ತದೆಯೇ? ಇಲ್ಲ. ಕಷಾಯ ಕುಡಿದರೂ ಬಿಟ್ಟರೂ ನೆಗಡಿ ವಾರ, ಹತ್ತು ದಿನಕ್ಕೆ ಹೋಗುತ್ತದೆ. ಕಟ್ಟಿದ ಗಂಟಲು ಸಡಿಲಾಗುತ್ತದೆ, ಒಂದು ರಾತ್ರಿ ನಿದ್ದೆ ಬರುತ್ತದೆ. ಕಷಾಯದಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನಮ್ಮ ದುರಾಸೆ.

ಆ ದುರಾಸೆಯನ್ನು ಕೋವಿಡ್ ಕಾಲದಲ್ಲಿ ಕಣ್ಣಾರೆ ಕಂಡೆವು. 2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಎಂದಿತು. ನಮ್ಮ ಬೀದಿಯಲ್ಲಿ ಅದು ದಿನಕ್ಕೆ ಐದಾರು ಸಲವಾಯಿತು. ಎದೆಯುರಿ, ಬಾಯಿಹುಣ್ಣು ಬಂದರೆ "ಉಷ್ಣವಾಗಿದೆ" ಎಂದು ಅದಕ್ಕೆ ಇನ್ನೊಂದು ಮನೆಮದ್ದು! ಕಾಯಿಲೆ ಇಲ್ಲದವರು ಕುಡಿಯತೊಡಗಿದ್ದರಿಂದ ನಿಲ್ಲಿಸುವ ದಿನವೇ ಇಲ್ಲವಾಯಿತು. ಜ್ವರಕ್ಕೆ ಕೊನೆಯುಂಟು, 'ಇಮ್ಯುನಿಟಿ'ಗೆ ಎಲ್ಲಿದೆ?

ಅಮೃತಬಳ್ಳಿಯದ್ದೂ ಇದೇ ಕತೆ. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸುತ್ತಿದ್ದ ಆರು ಜನರ ಯಕೃತ್ತಿಗೆ ಪೆಟ್ಟಾದ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ತಿಂದದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿಯೂ ಇರಬಹುದು ಎಂದಿತು. ಇರಬಹುದು. ಆದರೆ ಈ ಸಮಾಧಾನ ನನ್ನನ್ನು ಇನ್ನಷ್ಟು ಹೆದರಿಸುತ್ತದೆ. ಬೇಲಿಯ ಮೇಲಿನ ಬಳ್ಳಿಯನ್ನು ಎಲೆ ನೋಡಿ, ಕಾಂಡ ಗೀರಿ ಗುರುತಿಸುವವರು ಕುಯ್ದು ತಂದದ್ದು ಒಂದು. ಹಸಿರು ಪುಡಿಯನ್ನು ಚೀಟಿ ನಂಬಿ ನುಂಗುವುದು ಇನ್ನೊಂದು.

ಹಾಗೆಂದು ಹಳೆಯದನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸಲಾರೆ. ಅಜ್ಜಿ ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುತ್ತಿದ್ದಳು. ದೊಡ್ಡವರ ಕೆಮ್ಮಿಗೆ ಜೇನು ಒಳ್ಳೆಯದೇ; ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ 2018ರಲ್ಲಿ ಅದನ್ನು ಹೇಳಿದೆ. ವರ್ಷ ತುಂಬದ ಮಗುವಿಗೆ ಮಾತ್ರ ಕೂಡದು. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷ ಮಾಡಬಲ್ಲದು. ಅವಳಿಗೆ ಇದು ಗೊತ್ತಿರಲಿಲ್ಲ. ನಮಗೇನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ, ಅವಳ ಜಾಣ್ಮೆಯಲ್ಲ.

ಕಾಮಾಲೆಯಷ್ಟು ಮದ್ದು ಕೊಡುವವರಿಗೆ ಹೆಸರು ತಂದ ಕಾಯಿಲೆ ಇನ್ನೊಂದಿಲ್ಲ. ಒಬ್ಬರು ಸೊಪ್ಪಿನ ರಸ ಕೊಡುತ್ತಾರೆ, ಇನ್ನೊಬ್ಬರು ಕೈಗೆ ಬರೆ ಹಾಕುತ್ತಾರೆ, ಇಬ್ಬರ ಮನೆಮುಂದೆಯೂ ಸಾಲು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೀರ್ತಿ ಮದ್ದಿಗೆ ಹೋಗುತ್ತದೆ. ಕಾಮಾಲೆಗೆ ಕೊಡುವ ನೆಲನೆಲ್ಲಿಯ ಬಗ್ಗೆ ಪರೀಕ್ಷೆಯೂ ನಡೆದಿತ್ತು. ಹೆಪಟೈಟಿಸ್ ಬಿ ವೈರಾಣು ಹೊತ್ತ 37 ಜನರಿಗೆ ಅದನ್ನು ಕೊಟ್ಟಾಗ 22 ಜನರ ರಕ್ತದಲ್ಲಿ ವೈರಾಣುವಿನ ಕುರುಹು ಮಾಯವಾಯಿತೆಂದು ಮದ್ರಾಸಿನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಮೊದಲ ಸುದ್ದಿ ಇನ್ನೂ ಊರೂರು ಸುತ್ತುತ್ತಿದೆ, ಎರಡನೆಯದು ಬಸ್ಸು ಹತ್ತಲೇ ಇಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಯೋ ಗಂತಿ ಬೆಳೆದೋ ಕಣ್ಣು ಹಳದಿಯಾದವರು ಸೊಪ್ಪಿನ ರಸ ಕುಡಿಯುತ್ತ ತಿಂಗಳು ಕಳೆಯುವುದೇ ಇದರ ನಿಜವಾದ ಬೆಲೆ.

ಇನ್ನು ಮನಸ್ಸು. ಇಲ್ಲೂ ಮನೆಮದ್ದುಗಳಿವೆ: ವಾಕಿಂಗು, ಪ್ರಾಣಾಯಾಮ, ಭಜನೆ, ಡೈರಿ. ಡೈರಿಗಂತೂ ಪುರಾವೆಯ ಆಸರೆಯೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ನೋವನ್ನು ದಿನಕ್ಕೆ 15 ನಿಮಿಷ ಬರೆದರು, ನಾಲ್ಕೇ ದಿನ. ಗಮನಿಸಿ, ಇಲ್ಲೂ ದಿನದ ಲೆಕ್ಕವಿದೆ. ವೈದ್ಯರು ಖಿನ್ನತೆ ಗುರುತಿಸುವಾಗಲೂ ಎಣಿಸುತ್ತಾರೆ: ಎರಡು ವಾರ ಬಿಡದೆ ಬೇಸರ ಕವಿದಿದೆಯೇ, ನಿದ್ದೆ, ಊಟ, ಆಸಕ್ತಿ ಹೋಗಿದೆಯೇ? ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಇಂಥದ್ದನ್ನು ಬರೆಯುತ್ತಲೇ ಬಂದಿದ್ದಾರೆ. 2022ರಿಂದ 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆದರೂ 'ಪಾಸಿಟಿವ್ ಆಗಿರಿ' ಎನ್ನುವ ವಿಡಿಯೊಗಳು ತಿಂಗಳಾನುಗಟ್ಟಲೆ ಅದೇ ಉಸಿರಾಟ ಮಾಡಿಸುತ್ತವೆಯೇ ಹೊರತು ಎರಡು ವಾರದ ಮಾತೆತ್ತುವುದಿಲ್ಲ.

ಅಜ್ಜಿಯ ಎಣಿಕೆಯೂ ಇಲ್ಲಿ ತಪ್ಪಿತ್ತು. ಚಿಕ್ಕಮ್ಮ ಬಾಣಂತನಕ್ಕೆ ಬಂದವಳು ಮಗು ಅತ್ತರೂ ತಿರುಗಿ ನೋಡದೆ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿದರು. ದಿನಾ ಬಚ್ಚಲುಮನೆಯಲ್ಲಿ ಅಜ್ಜಿ ಅವಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಬೆನ್ನು ತಿಕ್ಕಿ, ಹಂಡೆಯ ಕುದಿನೀರು ಬೆರೆಸಿ ತಂಬಿಗೆ ತಂಬಿಗೆ ಎರೆಯುತ್ತಿದ್ದಳು. "ಆ ನೀರು ಬೀಳೋವಾಗ ಮಾತ್ರ ಸ್ವಲ್ಪ ಹಗುರ ಅನ್ನಿಸ್ತಿತ್ತು ಕಣೋ" ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ. ಅಷ್ಟು ಮಟ್ಟಿಗೆ ಆ ಕೈ ಮದ್ದೇ. ಆದರೆ ತಲೆ ಒರೆಸಿ ಹಾಸಿಗೆಗೆ ಬಂದರೆ ಮತ್ತೆ ಅದೇ ಗೋಡೆ.

ಕೊನೆಗೆ ಮಾವನೇ ಹಟ ಹಿಡಿದು ಕಾರು ಮಾಡಿಸಿ ಕರೆದುಕೊಂಡು ಹೋದ. ಎಷ್ಟು ದಿನದಿಂದ ಹೀಗಿದ್ದಾರೆ ಎಂದು ಡಾಕ್ಟರು ಕೇಳಿದಾಗ, ಅಜ್ಜಿ ಅಭ್ಯಾಸಬಲದಿಂದ ಬೆರಳು ಮಡಚಲು ಹೋಗಿ, ಮಗುವಿಗೆ ಹಲ್ಲು ಬಂದದ್ದು ನೆನಪಾಗಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳಂತೆ.