ಒಂದು ಕ್ರಿಯಾಪದದ ಧೈರ್ಯ

ಕುಣಿಗಲ್ ಎಂದೊಡನೆ ನಮ್ಮ ನಾಲಗೆಗೆ ಬರುವುದು ಅಲ್ಲಿಯ ಕೆರೆಯನ್ನು ಕೊಂಡಾಡುವ ಜಾನಪದ ಹಾಡು. ಆ ಸೀಮೆಯ ತರುಣರೊಬ್ಬರು ತಾವೇ ಕಟ್ಟಿ, ಗಿಟಾರು ಮೀಟುತ್ತ ಹಾಡಿದ ತಮ್ಮ ಮೊದಲ ಹಾಡನ್ನು ಕಳೆದ ತಿಂಗಳು ತುಮಕೂರಿನ ಮಿತ್ರರ ಮನೆಯಲ್ಲಿ ಕೇಳಿದೆ. ಇದರಲ್ಲಿಯೂ ಕುಣಿಗಲ್ ಬರುತ್ತದೆ. ಆದರೆ ಕೆರೆಯಿಲ್ಲ, ಬಸ್ ನಿಲ್ದಾಣ ಮಾತ್ರ. ಹೆಸರು ಬರೆಯಬೇಡಿರೆಂದು ಅವರು ಕೇಳಿಕೊಂಡಿದ್ದಾರೆ. ಹಾಡಿನ ವಸ್ತುವನ್ನು ಹೇಳಿದರೆ ವಾಚಕರಿಗೆ ಕಾರಣ ತಿಳಿದೀತು.

ಒಬ್ಬ ಹುಡುಗ ತಾನು ಒಲಿದ ಇನ್ನೊಬ್ಬ ಹುಡುಗನ ಮದುವೆಗೆಂದು ಗುಬ್ಬಿಗೆ ಹೋಗುತ್ತಾನೆ. ಗೆಳೆಯನೆಂಬ ಸಲುಗೆಯಲ್ಲಿ ಪಂಕ್ತಿಗೆ ಬಡಿಸುತ್ತಾನೆ. ಹೊರಡುವಾಗ ಎಲ್ಲರಿಗೂ ಕೊಡುವ ತಾಂಬೂಲದ ಚೀಲ ಅವನ ಕೈಗೂ ಬರುತ್ತದೆ. ತುಮಕೂರಿನಲ್ಲಿ ಬಸ್ಸು ಬದಲಿಸಿ, ತೆಂಗಿನಕಾಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಮರಳುತ್ತಾನೆ. ಕಥೆ ಇಷ್ಟೇ.

ನನ್ನನ್ನು ತಡೆದು ನಿಲ್ಲಿಸಿದ್ದು ಕಥೆಯಲ್ಲ, ವ್ಯಾಕರಣ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎಂದರೂ ಹೇಳುವವರು ಗಂಡೋ ಹೆಣ್ಣೋ ಕ್ರಿಯಾಪದವೇ ಸಾರಿಬಿಡುತ್ತದೆ. ಕನ್ನಡ ಹಾಗಲ್ಲ. ‘ನಾನು ಬಂದೆ’, ‘ನೀನು ಹೋದೆ’ ಎಂಬಲ್ಲಿ ಲಿಂಗವಿಲ್ಲ. ನಮ್ಮ ಭಾವಗೀತೆಗಳ ಎಷ್ಟೋ ವಿರಹಗಳು ಈ ನಾನು-ನೀನುಗಳ ಮರೆಯಲ್ಲಿ ಯಾರ ಬಾಯಿಗಾದರೂ ಒಪ್ಪುತ್ತವೆ. ಈ ಹಾಡೂ ಮೂರು ನುಡಿಗಳವರೆಗೆ ಆ ಮರೆಯಲ್ಲೇ ನಡೆಯುತ್ತದೆ. ನಾಲ್ಕನೆಯ ನುಡಿಯಲ್ಲಿ, ಬಸ್ಸಿನಲ್ಲಿ ಪಕ್ಕದವರು ಯಾರ ಮದುವೆಯೆಂದು ಕೇಳುತ್ತಾರೆ. ಇನ್ನು ‘ನೀನು’ ಎನ್ನಲು ಎದುರಿಗೆ ಆಳಿಲ್ಲ. ಅಗಲಿದವರು ಪ್ರಥಮಪುರುಷಕ್ಕೆ ಸರಿಯಲೇಬೇಕು. ಅಲ್ಲಿ ಕನ್ನಡ ಗುಟ್ಟು ಬಿಟ್ಟುಕೊಡುತ್ತದೆ. ‘ಹೋದರು’ ಎಂದು ಗೌರವದ ಬಹುವಚನದಲ್ಲಿ ನುಣುಚಿಕೊಳ್ಳಬಹುದಿತ್ತು. ಗಾಯಕರು ‘ಹೋದ’ ಎಂದರು. ಗಿಟಾರು ಅಲ್ಲಿ ಒಂದು ಗಳಿಗೆ ಸುಮ್ಮನಾಯಿತು. ಕೂತಿದ್ದವರಲ್ಲಿ ಒಬ್ಬರು ಕೆಮ್ಮಿದರು.

ಗಂಡಸು ಗಂಡಸಿಗಾಗಿ ಹಂಬಲಿಸಿ ಹಾಡುವುದು ಎಡೆಯೂರು ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಈ ಸೀಮೆಗೆ ಕೇಳರಿಯದ ಮಾತೇನೂ ಅಲ್ಲ. ಶರಣಸತಿ, ಲಿಂಗಪತಿ ಭಾವದಲ್ಲಿ ಉರಿಲಿಂಗದೇವನಂಥವರು ಹೆಣ್ಣಾಗಿ ನಿಂತು ವಚನ ನುಡಿದರು. ಅದು ಭಕ್ತಿ, ಇದು ಲೌಕಿಕ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗದ ಮೇಲೂ ಮೊದಮೊದಲು ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಸೀರೆಯುಟ್ಟು ವಿರಹವನ್ನು ಹಾಡಿದರೆ ‘ಒನ್ಸ್ ಮೋರ್’ ಎಂದ ನಾವು, ಪಂಚೆಯುಟ್ಟು ಅದನ್ನೇ ಹಾಡಿದರೆ ಕೆಮ್ಮುತ್ತೇವೆ.

ಗದ್ಯದಲ್ಲಿ ಈ ದಾರಿಯನ್ನು ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ತೆರೆಯಿತು. ಅಲ್ಲಿಯೂ ಮೋಹನಸ್ವಾಮಿ ಒಲಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಿ ದೂರವಾಗುತ್ತಾನೆ. ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಮನ್ನಿಸಲಿಲ್ಲ. ಹೀಗಾಗಿ ಕಲ್ಯಾಣಮಂಟಪದಲ್ಲಿ ಈ ಹುಡುಗನಿಗೆ ಸಿಕ್ಕುವುದು ಬಡಿಸುವ ಕೆಲಸವೇ. ಆದರೆ ಕಥೆಗೂ ಹಾಡಿಗೂ ಒಂದು ಅಂತರವುಂಟು. ಕಥೆಗಾರ ಪಾತ್ರದ ಹಿಂದೆ ನಿಲ್ಲಬಲ್ಲ. ಹಾಡುಗಾರನಿಗೆ ಆ ಅವಕಾಶವಿಲ್ಲ, ಕೊರಳು ಅವನದೇ.

ದೋಷಗಳಿಲ್ಲವೆಂದಲ್ಲ. ಎರಡನೆಯ ನುಡಿಯ ಮಳೆ ಸವೆದ ನಾಣ್ಯ. ಗುಬ್ಬಿಯ ಮದುವೆಗೆ ಅದು ಬೇಕಿರಲಿಲ್ಲ. ಪಲ್ಲವಿ ಎರಡು ಸಲ ಹೆಚ್ಚಾಗಿ ಮರಳುತ್ತದೆ. ಮಟ್ಟು ನಮ್ಮ ಜಾನಪದದ್ದೆಂದು ಅವರು ಹೇಳಿದರೂ, ಗಿಟಾರಿನ ಮೀಟು ಪಶ್ಚಿಮದ ಒಂಟಿ ಗಾಯಕರನ್ನು ಕೇಳಿ ಕಲಿತದ್ದು. ಅದನ್ನು ಒಪ್ಪಿಕೊಂಡರೆ ನಷ್ಟವೇನೂ ಇಲ್ಲ.

ಕೊನೆಯ ನುಡಿಯನ್ನು ಮಾತ್ರ ಮುಟ್ಟಬಾರದು. ಅಲ್ಲಿ ಕಣ್ಣೀರಿಲ್ಲ. ಮನೆಗೆ ಬಂದವನ ಕೈಯಿಂದ ತಾಯಿ ಚೀಲ ತೆಗೆದುಕೊಳ್ಳುತ್ತಾಳೆ, ಊಟ ಹೇಗಿತ್ತೆಂದು ವಿಚಾರಿಸುತ್ತಾಳೆ, ಮರುದಿನದ ಚಟ್ನಿಗೆ ಆ ಕಾಯನ್ನೇ ಒಡೆಯುತ್ತಾಳೆ. ಕಾಯಿ ಚೆನ್ನಾಗಿದೆ ಎನ್ನುತ್ತಾಳೆ.